ನಾಣ್ಯ ಸಂಗ್ರಹದ ಆರಂಭ ಮತ್ತು ಗ್ರೇಡಿಂಗಿನ ಲೆಕ್ಕ

(ಹೊಸ ಸಂಗ್ರಾಹಕರಿಗೆ ನೀಡಿದ ಉಪನ್ಯಾಸದ ಬರಹ ರೂಪ. ಸಭೆಯಿಂದ ಬಂದ ಕೆಲವು ಪ್ರಶ್ನೆಗಳನ್ನು ಕೊನೆಗೆ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ನಾಣ್ಯ ಸಂಗ್ರಹಕ್ಕೆ ಹೊಸದಾಗಿ ಇಳಿದವರು ಬಹುಬೇಗ ಕೇಳುವ ಪ್ರಶ್ನೆ, ‘ಇದನ್ನು ಗ್ರೇಡಿಂಗಿಗೆ ಕಳಿಸಲೇ?’ ಎಂಬುದು. ನಾಣ್ಯ ಕೈಗೆ ಬಂದು ವಾರ ಕಳೆದಿರುವುದಿಲ್ಲ. ಯಾವ ಲೋಹ, ಎಷ್ಟು ತೂಕ ಎಂದು ನೋಡಿರುವುದಿಲ್ಲ. ಅಷ್ಟರಲ್ಲೇ ಅದು ಸ್ಲ್ಯಾಬ್ ಎಂಬ ಗಡುಸು ಪ್ಲಾಸ್ಟಿಕ್ ಕವಚದೊಳಗೆ ಸೀಲಾಗಿ, ಮೇಲೆ ತನ್ನ ಸ್ಥಿತಿ ಹೇಳುವ ಒಂದು ಅಂಕಿ ಹೊತ್ತುಕೊಂಡು ಬರಲಿ ಎಂಬ ಆಸೆ ಹುಟ್ಟಿಬಿಟ್ಟಿರುತ್ತದೆ.

ಗ್ರೇಡಿಂಗ್ ಕಂಪನಿಗಳು ಮೂರು ಪ್ರಶ್ನೆಗಳಿಗೆ ಉತ್ತರ ಮಾರುತ್ತವೆ. ಈ ನಾಣ್ಯ ಅಸಲಿಯೇ? ಇದರ ಮೈಮೇಲೆ ಯಾರಾದರೂ ಕೈಯಾಡಿಸಿದ್ದಾರೆಯೇ? ಎಷ್ಟು ಚೆನ್ನಾಗಿ ಉಳಿದುಬಂದಿದೆ? ನಿಮಗೆ ಈ ಮೂರರಲ್ಲಿ ಯಾವುದಕ್ಕೆ ಉತ್ತರ ಬೇಕು, ಉತ್ತರ ಬಂದ ಮೇಲೆ ನೀವು ಮಾಡುವುದು ಏನಾದರೂ ಬದಲಾಗುತ್ತದೆಯೇ ಎಂದು ಕಳಿಸುವ ಮೊದಲೇ ಹೇಳಲು ಬರಬೇಕು. ಬಾರದಿದ್ದರೆ ಕಳಿಸಬೇಡಿ. ಹೇಳಲು ಬರಬೇಕಾದರೆ ನಾಣ್ಯ ನೋಡುವುದನ್ನು ಕಲಿತಿರಬೇಕು. ಆದ್ದರಿಂದ ಇವತ್ತಿನ ಮಾತಿನಲ್ಲಿ ದೊಡ್ಡ ಪಾಲು ನೋಡುವುದರ ಬಗ್ಗೆಯೇ ಇದೆ. ಶುಲ್ಕದ ಲೆಕ್ಕ ಆಮೇಲೆ.

ಏನನ್ನು ಕೂಡಿಡಬೇಕು

ಸಿಕ್ಕಿದ್ದನ್ನೆಲ್ಲ ಕೂಡಿಡುವುದು ಕೆಲವು ತಿಂಗಳು ಚೆನ್ನಾಗಿರುತ್ತದೆ. ಆಮೇಲೆ ಡಬ್ಬಿ ತುಂಬಿರುತ್ತದೆ, ತಿಳಿವಳಿಕೆ ಮಾತ್ರ ಇದ್ದಲ್ಲೇ ಇರುತ್ತದೆ. ಒಂದು ಮಿತಿ ಹಾಕಿಕೊಂಡರೆ ಅದೇ ಬಗೆಯ ನಾಣ್ಯ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ, ವ್ಯತ್ಯಾಸಗಳು ತಾವಾಗಿಯೇ ಕಾಣತೊಡಗುತ್ತವೆ.

ಮಿತಿ ಹಾಕಿಕೊಳ್ಳಲು ಮುಖ್ಯವಾಗಿ ಎರಡು ದಾರಿ. ಒಂದು ಸರಣಿ: ಒಂದೇ ವಿನ್ಯಾಸದ ನಾಣ್ಯವನ್ನು ಪ್ರತಿ ವರ್ಷ, ಪ್ರತಿ ಟಂಕಸಾಲೆಯಿಂದ ಒಂದೊಂದರಂತೆ ಸೇರಿಸುವುದು. ಇನ್ನೊಂದು ಮಾದರಿ: ಒಂದು ಕಾಲದ ಅಥವಾ ದೇಶದ ಪ್ರತಿ ವಿನ್ಯಾಸಕ್ಕೆ ಒಂದೇ ಒಳ್ಳೆಯ ನಾಣ್ಯ. ಹಡಗು, ಪ್ರಾಣಿ, ಅಚ್ಚಿನ ದೋಷ ಹೀಗೆ ವಿಷಯ ಹಿಡಿದು ಕೂಡಿಸುವವರೂ ಇದ್ದಾರೆ. ಆರಂಭಕ್ಕೆ ನನ್ನ ಮತ ಮಾದರಿ ಸಂಗ್ರಹಕ್ಕೆ. ಬೇರೆ ಬೇರೆ ಲೋಹ, ಗಾತ್ರ, ಅಂಚುಗಳ ಪರಿಚಯವಾಗುತ್ತದೆ. ಯಾವುದೋ ಒಂದು ದುರ್ಲಭ ನಾಣ್ಯಕ್ಕಾಗಿ ಇಡೀ ಸಂಗ್ರಹ ಅರ್ಧಕ್ಕೆ ನಿಲ್ಲುವುದಿಲ್ಲ.

ಸರಣಿಯೇ ಬೇಕೆಂದರೆ, ಮೊದಲ ನಾಣ್ಯ ಕೊಳ್ಳುವ ಮುಂಚೆ ಆ ಸರಣಿಯ ಅತಿ ಕಷ್ಟದ ನಾಣ್ಯ ಯಾವುದು, ಅದು ನಿಮ್ಮ ಕೈಗೆ ಎಟಕುತ್ತದೆಯೇ ಎಂದು ನೋಡಿ. ಅಮೆರಿಕದ ಮಾರ್ಗನ್ ಬೆಳ್ಳಿ ಡಾಲರ್ ಪ್ರಸಿದ್ಧ ಸರಣಿ. 1878ರಿಂದ 1904ರವರೆಗೆ, ಮತ್ತೆ 1921ರಲ್ಲಿ ಅಚ್ಚಾಯಿತು. ಅದರಲ್ಲಿ ಬಹುಪಾಲು ನಾಣ್ಯಗಳು ಸುಲಭವಾಗಿ ಸಿಗುತ್ತವೆ. ಆದರೆ ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಯ 1893ರ ನಾಣ್ಯ ಅಚ್ಚಾದದ್ದೇ ಒಂದು ಲಕ್ಷ. ಉಳಿದವನ್ನೆಲ್ಲ ಜೋಡಿಸಿದ ಮೇಲೆ ಆ ಒಂದು ಖಾಲಿ ಗುಳಿ ನಿಮ್ಮನ್ನು ಕಾಡುತ್ತದೆ.

ಅಚ್ಚಾದ ಸಂಖ್ಯೆಯನ್ನೇ ನಂಬಿ ಕೂರುವುದೂ ಅಪಾಯ. ಎಷ್ಟು ಅಚ್ಚಾಯಿತು ಎನ್ನುವುದಕ್ಕಿಂತ ಎಷ್ಟು ಉಳಿಯಿತು, ಯಾವ ಸ್ಥಿತಿಯಲ್ಲಿ ಉಳಿಯಿತು ಎಂಬುದು ಮುಖ್ಯ. 1918ರ ಪಿಟ್‌ಮನ್ ಕಾಯ್ದೆಯಡಿ ಅಮೆರಿಕ 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರ್‌ಗಳನ್ನು ಕರಗಿಸಿತು. ಯಾವ ವರ್ಷದವು ಎಷ್ಟು ಕರಗಿದವು ಎಂಬ ಪಟ್ಟಿಯನ್ನು ಯಾರೂ ಇಡಲಿಲ್ಲ. ಇದರ ಉಲ್ಟಾ ಕೂಡ ನಡೆದಿದೆ. ನ್ಯೂ ಆರ್ಲಿಯನ್ಸ್ ಟಂಕಸಾಲೆಯ 1903ರ ಡಾಲರ್ ದಶಕಗಳ ಕಾಲ ಮಹಾ ಅಪರೂಪ ಎನಿಸಿಕೊಂಡಿತ್ತು. 1962ರಲ್ಲಿ ಸರ್ಕಾರಿ ಖಜಾನೆಯಿಂದ ಬಳಸದ ನಾಣ್ಯಗಳ ಚೀಲಗಳೇ ಹೊರಬಂದವು, ಬೆಲೆ ಒಂದೇ ಏಟಿಗೆ ಕುಸಿಯಿತು.

ನಾಣ್ಯದ ಮೇಲಿನ ಇಸವಿಯೂ ಅದರ ವಯಸ್ಸಿಗೆ ಸಾಕ್ಷಿಯಲ್ಲ. ಮರಿಯಾ ತೆರೇಸಾ ಥೇಲರ್ ಎಂಬ ದೊಡ್ಡ ಬೆಳ್ಳಿ ನಾಣ್ಯದ ಮೇಲೆ ಸದಾ 1780 ಎಂದೇ ಇರುತ್ತದೆ. ಆ ರಾಣಿ ತೀರಿಕೊಂಡ ವರ್ಷ ಅದು. ವ್ಯಾಪಾರಕ್ಕೆ ಬೇಕೆಂದು ಅದೇ ಇಸವಿಯಲ್ಲಿ ವಿಯೆನ್ನಾ, ರೋಮ್, ಲಂಡನ್, ಬಾಂಬೆ ಮುಂತಾದ ಟಂಕಸಾಲೆಗಳು ಇಪ್ಪತ್ತನೆಯ ಶತಮಾನದಲ್ಲೂ ಅದನ್ನು ಅಚ್ಚೊತ್ತಿವೆ. ಯಾವುದು ಎಲ್ಲಿಯದು ಎಂದು ಹೇಳಬೇಕಾದರೆ ಚಿತ್ರದಲ್ಲಿ ರಾಣಿ ತೊಟ್ಟ ಪದಕದ ಅಂಚಿನ ಮುತ್ತುಗಳು, ಹದ್ದಿನ ಬಾಲದ ಗರಿಗಳಂಥ ಸಣ್ಣ ವಿವರಗಳನ್ನು ಹೋಲಿಸಬೇಕು.

ಸಲಕರಣೆ, ಕೈಯಾಡುವ ರೀತಿ

ಬೇಕಾದ ಸಾಮಾನು ಕಡಿಮೆ. 5ರಿಂದ 10 ಪಟ್ಟು ದೊಡ್ಡದು ಮಾಡುವ ಲೂಪ್. 0.01 ಗ್ರಾಂವರೆಗೆ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿ, ಜೊತೆಗೆ ಅದನ್ನೇ ಪರೀಕ್ಷಿಸಲು ಒಂದು ಪ್ರಮಾಣಿತ ತೂಕದ ಬಟ್ಟು. ಪ್ಲಾಸ್ಟಿಕ್ ಕ್ಯಾಲಿಪರ್, ಲೋಹದ್ದಾದರೆ ನಾಣ್ಯದ ಅಂಚಿಗೆ ಗೀರು ಬಿಡುತ್ತದೆ. ಒಂದು ಸಣ್ಣ ನಿಯೋಡೈಮಿಯಮ್ ಅಯಸ್ಕಾಂತ. ಕತ್ತು ಬಗ್ಗುವ ಟೇಬಲ್ ಲ್ಯಾಂಪ್. ಇಪ್ಪತ್ತು, ಮೂವತ್ತು ಪಟ್ಟಿನ ಭೂತಗನ್ನಡಿ ಗ್ರೇಡ್ ಅಂದಾಜಿಗೆ ಬೇಡ. ಅಷ್ಟು ಹತ್ತಿರದಿಂದ ನೋಡಿದರೆ ಎಂಥ ಚೆಂದದ ನಾಣ್ಯವೂ ಗಾಯಾಳುವಿನಂತೆ ಕಾಣುತ್ತದೆ. ವೃತ್ತಿಪರ ಗ್ರೇಡರ್‌ಗಳು ಬಹುಪಾಲು ಬರಿಗಣ್ಣಿನಿಂದಲೇ ನೋಡುತ್ತಾರೆ, ಅನುಮಾನ ಬಂದಾಗಷ್ಟೇ ಲೂಪ್ ಎತ್ತುತ್ತಾರೆ.

ನಾಣ್ಯವನ್ನು ಹೆಬ್ಬೆರಳು, ತೋರುಬೆರಳ ನಡುವೆ ಅಂಚಿನಲ್ಲೇ ಹಿಡಿಯಿರಿ. ಕೆಳಗೆ ಮಡಿಸಿದ ಮೆತ್ತನೆಯ ಬಟ್ಟೆ ಹಾಸಿರಲಿ. ಬೆರಳಿನ ಎಣ್ಣೆ, ಉಪ್ಪು ತಾಮ್ರದ ಮೇಲೆ ಬಿದ್ದರೆ ವಾರಗಳ ನಂತರ ಬೆರಳಚ್ಚು ಕಂದು ಬಣ್ಣದಲ್ಲಿ ಮೂಡುತ್ತದೆ. ಆಮೇಲೆ ಅದು ಹೋಗುವುದಿಲ್ಲ. ಇನ್ನೊಂದು: ನಾಣ್ಯದ ಮೇಲೆ ಬಗ್ಗಿ ಮಾತಾಡಬೇಡಿ. ಸಿಡಿಯುವ ಉಗುಳಿನ ಹನಿ ಕಪ್ಪು ಚುಕ್ಕಿಯಾಗಿ ಕೂರುತ್ತದೆ.

ಇಡುವ ವಿಷಯದಲ್ಲಿ ಮುಖ್ಯ ಶತ್ರು ಪಿವಿಸಿ. ಬಗ್ಗುವ, ಮೃದುವಾದ, ಪ್ಲಾಸ್ಟಿಕ್ ವಾಸನೆ ಹೊಡೆಯುವ ಆಲ್ಬಮ್ ಹಾಳೆಗಳೂ, ನಾಣ್ಯ ಇಡುವ ಪಾರದರ್ಶಕ ಜೇಬುಗಳಾದ ಫ್ಲಿಪ್‌ಗಳೂ ಸಾಮಾನ್ಯವಾಗಿ ಇದರವೇ. ಬಿಸಿಲು, ಸೆಕೆ, ಕಾಲ ಎಲ್ಲ ಸೇರಿ ಅದು ಒಡೆಯುತ್ತ ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತದೆ. ನಾಣ್ಯದ ಮೇಲೆ ಜಿಗುಟಾದ ಹಸಿರು ಪದರ ಕಟ್ಟುತ್ತದೆ. ಆರಂಭದ ಹಂತದಲ್ಲಿ ಶುದ್ಧ ಅಸಿಟೋನ್‌ನಲ್ಲಿ ಕೆಲವು ನಿಮಿಷ ಮುಳುಗಿಸಿ, ಉಜ್ಜದೆ, ಹೊಸ ಅಸಿಟೋನ್‌ನಲ್ಲಿ ಇನ್ನೊಮ್ಮೆ ಅದ್ದಿ, ತಾನಾಗಿ ಒಣಗಲು ಬಿಟ್ಟರೆ ಪದರ ಕರಗುತ್ತದೆ. ಗಾಜಿನ ಪಾತ್ರೆ ಬಳಸಿ, ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಉಗುರು ಬಣ್ಣ ತೆಗೆಯುವ ದ್ರಾವಣದಲ್ಲಿ ಎಣ್ಣೆ, ಸುಗಂಧ ಬೆರೆತಿರುತ್ತದೆ. ಅದು ಇದಕ್ಕೆ ಬದಲಿಯಾಗದು. ತಡವಾಗಿದ್ದರೆ ಹಸಿರಿನ ಕೆಳಗೆ ಲೋಹವೇ ತಿಂದುಹೋಗಿರುತ್ತದೆ, ಅದನ್ನು ಯಾವ ದ್ರಾವಣವೂ ತುಂಬಿಕೊಡುವುದಿಲ್ಲ.

ಮೈಲಾರ್ ಫ್ಲಿಪ್‌ಗಳು ಪಿವಿಸಿ ಇಲ್ಲದ ಪ್ಲಾಸ್ಟಿಕ್ಕಿನವು; ಗಡುಸು, ಬೇಗ ಬಿರಿಯುತ್ತವೆ, ಆದರೆ ನಿರಪಾಯಕಾರಿ. ರಟ್ಟಿನ ಚೌಕಗಳಿಗೆ ಸ್ಟೇಪಲ್ ಹೊಡೆದರೆ ಪಿನ್ನನ್ನು ಇಕ್ಕಳದಿಂದ ಚಪ್ಪಟೆ ಮಾಡಿ, ಇಲ್ಲದಿದ್ದರೆ ಪಕ್ಕದ ನಾಣ್ಯಕ್ಕೆ ಗೀರುತ್ತದೆ. ನಾಣ್ಯ ಹೊರತೆಗೆಯುವಾಗ ನಾಲ್ಕೂ ಪಿನ್ ಕಿತ್ತ ಮೇಲೆಯೇ ತೆಗೆಯಿರಿ. ರಬ್ಬರ್ ಬ್ಯಾಂಡಿನ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಓಕ್‌ನಂಥ ಮರದ ಪೆಟ್ಟಿಗೆಗಳು ಆಮ್ಲದ ಆವಿ ಬಿಡುತ್ತವೆ.

ತೊಳೆಯುವ ಆಸೆ

ಹೊಸಬರ ಕೈಯಲ್ಲಿ ಹಾಳಾಗುವ ನಾಣ್ಯಗಳಲ್ಲಿ ಹೆಚ್ಚಿನವು ತೊಳೆದೇ ಹಾಳಾಗುತ್ತವೆ. ಯಾಕೆ ಎಂದು ತಿಳಿದರೆ ಕೈ ತಾನೇ ಹಿಂದೆ ಸರಿಯುತ್ತದೆ.

ಅಚ್ಚುಗಳ ನಡುವೆ ಬಿಲ್ಲೆ ಸಿಕ್ಕು ಒತ್ತಡ ಬಿದ್ದಾಗ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಆ ಹರಿವಿನ ಅತಿ ಸೂಕ್ಷ್ಮ ಗೆರೆಗಳು ಮೈಮೇಲೆ ಉಳಿಯುತ್ತವೆ. ಹೊಸ ನಾಣ್ಯವನ್ನು ದೀಪದ ಕೆಳಗೆ ಓರೆಯಾಗಿಸಿ ತಿರುಗಿಸಿದರೆ ಬೆಳಕಿನ ಪಟ್ಟಿಗಳು ಗಾಡಿಯ ಚಕ್ರದ ಅರೆಗಳಂತೆ ಸುತ್ತುತ್ತವೆ. ಆ ಗೆರೆಗಳಿಂದ ಬರುವ ಬೆಳಕೇ ಮೂಲ ಹೊಳಪು. ಬಟ್ಟೆಯಿಂದ ಉಜ್ಜಿದರೆ ಗೆರೆಗಳ ಮೇಲೆ ಅಡ್ಡಾದಿಡ್ಡಿ ಕೂದಲೆಳೆಯಂಥ ಗೀರುಗಳು ಬೀಳುತ್ತವೆ. ಪುಡಿ, ಪೇಸ್ಟ್ ಹಾಕಿದರೆ ಗೆರೆಗಳೇ ಅಳಿಸಿಹೋಗುತ್ತವೆ. ಬೆಳ್ಳಿಯ ಕಪ್ಪು ತೆಗೆಯುವ ಆಮ್ಲೀಯ ದ್ರಾವಣಗಳು ಪ್ರತಿ ಸಲವೂ ಮೇಲ್ಮೈಯ ತೆಳುಪದರವನ್ನು ಕರಗಿಸುತ್ತವೆ. ಒಂದೆರಡು ಸಲಕ್ಕೆ ಗೊತ್ತಾಗದಿರಬಹುದು, ಆಮೇಲೆ ನಾಣ್ಯ ಬಿಳುಪಾಗಿಯೇ ಇರುತ್ತದೆ, ಆದರೆ ಬೆಳಕು ಸುತ್ತುವುದಿಲ್ಲ. ಈ ನಷ್ಟಕ್ಕೆ ಪರಿಹಾರವಿಲ್ಲ.

ಮಾಡಬಹುದಾದದ್ದು ಇಷ್ಟೇ: ಸಡಿಲ ಧೂಳಿದ್ದರೆ ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ, ಮೆತ್ತನೆಯ ಬಟ್ಟೆಯ ಮೇಲಿಟ್ಟು ಒತ್ತಿ ಒಣಗಿಸುವುದು. ಎಣ್ಣೆ, ಅಂಟು, ಪಿವಿಸಿ ಇದ್ದರೆ ಅಸಿಟೋನ್. ಅದರಾಚೆ ಹೋಗಬೇಡಿ.

ಸವೆತವೋ, ಮಂದ ಅಚ್ಚೋ

ಗ್ರೇಡಿಂಗಿನ ತಿರುಳು ಇಲ್ಲಿದೆ, ಆದ್ದರಿಂದ ಸ್ವಲ್ಪ ನಿಲ್ಲೋಣ. ಕೋಣೆಯ ದೊಡ್ಡ ದೀಪ ಆರಿಸಿ, ಟೇಬಲ್ ಲ್ಯಾಂಪ್ ಒಂದೇ ಇರಲಿ. ಹರಡಿದ ಟ್ಯೂಬ್‌ಲೈಟ್ ಬೆಳಕಿನಲ್ಲಿ ಗೀರುಗಳು ಅಡಗಿಕೊಳ್ಳುತ್ತವೆ. ನಾಣ್ಯವನ್ನು ಕಣ್ಣಿನಿಂದ ಒಂದು ಗೇಣಿನಷ್ಟು ದೂರ ಹಿಡಿದು ನಿಧಾನವಾಗಿ ವಾಲಿಸುತ್ತ ತಿರುಗಿಸಿ.

ಮೊದಲು ಚಿತ್ರದ ಅತಿ ಎತ್ತರದ ಜಾಗ ನೋಡಿ: ಕೆನ್ನೆ, ಕಿವಿಯ ಮೇಲಿನ ಕೂದಲು, ಹದ್ದಿನ ಎದೆ. ಅಲ್ಲಿ ವಿವರ ಕಾಣದಿದ್ದರೆ ಎರಡು ಕಾರಣ ಇರಬಹುದು. ಚಲಾವಣೆಯಲ್ಲಿ ಸವೆದಿರಬಹುದು, ಇಲ್ಲವೇ ಅಚ್ಚು ಒತ್ತುವಾಗಲೇ ಲೋಹ ಅಲ್ಲಿಯವರೆಗೆ ತುಂಬಿರಲಿಕ್ಕಿಲ್ಲ. ಬೇರ್ಪಡಿಸುವ ಉಪಾಯ ಹೊಳಪಿನಲ್ಲಿದೆ. ಸವೆದ ಜಾಗದಲ್ಲಿ ಹರಿವಿನ ಗೆರೆಗಳು ಮುರಿದಿರುತ್ತವೆ, ಬೆಳ್ಳಿಯಾದರೆ ಆ ತುದಿ ಮಂದ ಬೂದು ಬಣ್ಣಕ್ಕೆ ತಿರುಗಿರುತ್ತದೆ, ತಾಮ್ರವಾದರೆ ಕಪ್ಪಗೆ. ಮಂದ ಅಚ್ಚಿನ ಜಾಗದಲ್ಲಿ ವಿವರ ಇಲ್ಲದಿದ್ದರೂ ಸುತ್ತಲಿನಂತೆಯೇ ಬೆಳಕು ಸುತ್ತುತ್ತದೆ. ಮಾರ್ಗನ್ ಡಾಲರ್‌ಗಳಲ್ಲಿ ನ್ಯೂ ಆರ್ಲಿಯನ್ಸ್‌ನ ಹಲವು ನಾಣ್ಯಗಳಿಗೆ ಕಿವಿಯ ಮೇಲೆ ಕೂದಲೇ ಇಲ್ಲ ಎನ್ನುವಷ್ಟು ಮಂದ ಅಚ್ಚು. ಅವು ಸವೆದವಲ್ಲ.

ಆಮೇಲೆ ಬಯಲು, ಅಂದರೆ ಚಿತ್ರ ಮತ್ತು ಅಕ್ಷರದ ನಡುವಿನ ಸಮತಟ್ಟು ಜಾಗ. ಅಲ್ಲಿ ಒಂದೇ ದಿಕ್ಕಿನಲ್ಲಿ ಸಾಲುಸಾಲಾಗಿ ಸಣ್ಣ ಗೀರುಗಳಿದ್ದರೆ ಯಾರೋ ಒರೆಸಿದ್ದಾರೆ. ಚೀಲದಲ್ಲಿ ನಾಣ್ಯಕ್ಕೆ ನಾಣ್ಯ ಬಡಿದು ಆದ ಗಾಯಗಳು ಚೂಪಾಗಿ, ಬಿಡಿಬಿಡಿಯಾಗಿ, ಎಲ್ಲ ದಿಕ್ಕಿಗೂ ಇರುತ್ತವೆ. ಅವು ಸಹಜ. ಕೆನ್ನೆಯ ನಡುವೆ ಬಿದ್ದ ಒಂದು ಗಾಯ ಕೂದಲಿನ ಎಳೆಗಳಲ್ಲಿ ಅಡಗಿದ ನಾಲ್ಕಕ್ಕಿಂತ ಹೆಚ್ಚು ಅಂಕ ಕಳೆಯುತ್ತದೆ.

ಕೊನೆಗೆ ಅಂಚು. ಬಹಳ ಜನ ನೋಡುವುದೇ ಇಲ್ಲ. ಆಭರಣಕ್ಕೆ ಕೊಂಡಿ ಬೆಸೆದು ಕಿತ್ತ ಗುರುತು, ಅರ ಹಾಕಿದ ಗುರುತು, ಎರಕದ ಜೋಡು ಗೆರೆ, ಎಲ್ಲ ಇಲ್ಲೇ ಸಿಗುವುದು.

ಅಸಲಿ, ನಕಲಿ

ತೂಕ ಮೊದಲ ಜರಡಿ. ಮಾರ್ಗನ್ ಡಾಲರ್ 26.73 ಗ್ರಾಂ, ವ್ಯಾಸ 38.1 ಮಿ.ಮೀ., ನೂರಕ್ಕೆ 90 ಬೆಳ್ಳಿ. ಬ್ರಿಟಿಷ್ ಸಾವರಿನ್ ಚಿನ್ನದ ನಾಣ್ಯ 7.98 ಗ್ರಾಂ, 22.05 ಮಿ.ಮೀ. ಸವೆದ ನಾಣ್ಯ ಹಗುರವಾಗಿರುವುದು ಸಹಜ. ಭಾರ ಹೆಚ್ಚಾಗಿದ್ದರಂತೂ ಹುಬ್ಬೇರಿಸಿ, ಯಾಕೆಂದರೆ ಬಳಕೆಯಿಂದ ಯಾವ ನಾಣ್ಯವೂ ತೂಕ ಗಳಿಸುವುದಿಲ್ಲ.

ತೂಕ ಸರಿ ಬಂತೆಂದು ನಿಲ್ಲಿಸಬೇಡಿ. ಬೆಳ್ಳಿ ಲೇಪದ ತಾಮ್ರದ ನಕಲಿ ಅದೇ ಗಾತ್ರಕ್ಕೆ ಮೂರು ಗ್ರಾಂಗಿಂತ ಹೆಚ್ಚು ಹಗುರವಾಗುತ್ತದೆ. ತೂಕ ಸರಿದೂಗಿಸಲು ದಪ್ಪ ಹೆಚ್ಚಿಸುತ್ತಾರೆ, ಅಥವಾ ಸೀಸ ಬೆರೆಸುತ್ತಾರೆ. ಆದ್ದರಿಂದ ಸಾಪೇಕ್ಷ ಸಾಂದ್ರತೆ, ಅಂದರೆ ಅಷ್ಟೇ ಗಾತ್ರದ ನೀರಿಗಿಂತ ನಾಣ್ಯ ಎಷ್ಟು ಪಟ್ಟು ಭಾರ ಎಂದು ನೋಡಬೇಕು. ತಕ್ಕಡಿಯ ಮೇಲೆ ಒಂದು ಲೋಟ ಡಿಸ್ಟಿಲ್ಡ್ ನೀರಿಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳುವಾದ ದಾರದಲ್ಲಿ ಕಟ್ಟಿ, ಪೂರ್ತಿ ಮುಳುಗುವಂತೆ, ಆದರೆ ತಳಕ್ಕೂ ಪಕ್ಕಕ್ಕೂ ತಾಗದಂತೆ ಇಳಿಬಿಡಿ. ಅಂಟಿಕೊಂಡ ಗಾಳಿಗುಳ್ಳೆಗಳನ್ನು ಮೆಲ್ಲಗೆ ಅಲುಗಿಸಿ ಬಿಡಿಸಿ. ತಕ್ಕಡಿ ಈಗ ತೋರಿಸುವುದು ನಾಣ್ಯ ಸರಿಸಿದ ನೀರಿನ ತೂಕ. ನಾಣ್ಯದ ತೂಕವನ್ನು ಅದರಿಂದ ಭಾಗಿಸಿ. 26.73ಕ್ಕೆ 2.59 ಬಂದರೆ 10.32; ನೂರಕ್ಕೆ 90 ಬೆಳ್ಳಿಗೆ ಸರಿ. ಶುದ್ಧ ಬೆಳ್ಳಿಗೆ 10.49, ತಾಮ್ರಕ್ಕೆ 8.96, ಸೀಸಕ್ಕೆ 11.34. ಹೊಳಪು ಉಳಿದ ಕೆಂಪು ತಾಮ್ರದ ನಾಣ್ಯವನ್ನು ಮಾತ್ರ ಹೀಗೆ ನೀರಿಗಿಳಿಸಬೇಡಿ, ಕಲೆ ಬೀಳುತ್ತದೆ.

ಅಯಸ್ಕಾಂತಕ್ಕೆ ಅಂಟಿದರೆ ಕಬ್ಬಿಣ ಅಥವಾ ನಿಕಲ್ ಇದೆ ಎಂದರ್ಥ. ಅಂಟದಿದ್ದರೆ ಏನೂ ಸಾಬೀತಾಗುವುದಿಲ್ಲ. ಕೆಲವೊಮ್ಮೆ ಈ ಪರೀಕ್ಷೆಯೇ ಸಾಕಾಗುತ್ತದೆ: ಯುದ್ಧಕಾಲದಲ್ಲಿ ತಾಮ್ರ ಉಳಿಸಲು ಅಮೆರಿಕ 1943ರ ಸೆಂಟನ್ನು ಸತು ಲೇಪಿಸಿದ ಉಕ್ಕಿನಲ್ಲಿ ಅಚ್ಚೊತ್ತಿತು. ತಪ್ಪಿ ತಾಮ್ರದಲ್ಲಿ ಅಚ್ಚಾದ ಬೆರಳೆಣಿಕೆಯ ನಾಣ್ಯಗಳು ಜಗತ್ಪ್ರಸಿದ್ಧ. ‘ನನ್ನ ಬಳಿ ಇದೆ’ ಎನ್ನುವವರ ನಾಣ್ಯಗಳಲ್ಲಿ ಬಹುಪಾಲು ತಾಮ್ರ ಲೇಪಿಸಿದ ಉಕ್ಕಿನವು, ಅಯಸ್ಕಾಂತಕ್ಕೆ ಟಪ್ಪನೆ ಅಂಟುತ್ತವೆ.

ಇಷ್ಟೆಲ್ಲ ದಾಟಿ ಬರುವ ನಕಲಿಯೂ ಇದೆ. ಅಸಲಿ ನಾಣ್ಯದ ಮೇಲೆಯೇ ಟಂಕಸಾಲೆಯ ಗುರುತು ಅಂಟಿಸುವುದು, ಇಸವಿಯ ಒಂದು ಅಂಕಿಯನ್ನು ಕೆತ್ತಿ ತಿದ್ದುವುದು. ಲೋಹ, ತೂಕ, ಅಂಚು ಎಲ್ಲವೂ ಅಸಲಿ. ಸುಳ್ಳು ಇರುವುದು ಒಂದು ಅಕ್ಷರದಲ್ಲಿ. ಗ್ರೇಡಿಂಗ್ ಕಂಪನಿಯ ಅಗತ್ಯ ನಿಜವಾಗಿ ಬೀಳುವುದು ಇಂಥಲ್ಲಿ.

ಅಂಕಿ ಬಂದದ್ದು ಹೇಗೆ

1ರಿಂದ 70ರವರೆಗಿನ ಅಳತೆಯನ್ನು 1949ರಲ್ಲಿ ಅಮೆರಿಕದ ನಾಣ್ಯತಜ್ಞ ವಿಲಿಯಂ ಶೆಲ್ಡನ್ ರೂಪಿಸಿದರು. ಅದು ಹುಟ್ಟಿದ್ದು ಅಮೆರಿಕದ ಹಳೆಯ ದೊಡ್ಡ ತಾಮ್ರದ ಸೆಂಟ್‌ಗಳಿಗಾಗಿ, ಅಂಕಿಗೂ ಬೆಲೆಗೂ ನೇರ ನಂಟು ಹಾಕುವ ಉದ್ದೇಶದಿಂದ. ಆ ನಂಟು ಬೇಗ ಕಡಿದುಹೋಯಿತು, ಅಂಕಿಗಳು ಉಳಿದವು. ಅಮೆರಿಕದ ಗ್ರೇಡಿಂಗ್ ಕಂಪನಿಗಳಾದ ಪಿಸಿಜಿಎಸ್ 1986ರಲ್ಲಿ, ಎನ್‌ಜಿಸಿ 1987ರಲ್ಲಿ ಆರಂಭವಾಗಿ, ನಾಣ್ಯವನ್ನು ಗ್ರೇಡ್ ಮಾಡಿ ಸ್ಲ್ಯಾಬಿನಲ್ಲಿ ಸೀಲ್ ಮಾಡಿಕೊಡುವ ಪದ್ಧತಿಯನ್ನು ಬೇರೂರಿಸಿದವು. ಎಎನ್‌ಎಸಿಎಸ್ ಅವಕ್ಕಿಂತ ಹಳೆಯದು, 1972ರದು.

60ರಿಂದ 70 ಚಲಾವಣೆಗೆ ಹೋಗದ ನಾಣ್ಯಗಳಿಗೆ, ಎಂಎಸ್ (ಮಿಂಟ್ ಸ್ಟೇಟ್) ಎಂಬ ಗುರುತಿನೊಂದಿಗೆ. 50ರಿಂದ 58 ಎಯು, ಅಂದರೆ ತುದಿಗಳಲ್ಲಷ್ಟೇ ಸವೆತ. ಅದರ ಕೆಳಗೆ 40, 45 ಎಕ್ಸ್‌ಎಫ್, 20ರಿಂದ 35 ವಿಎಫ್, 12, 15 ಎಫ್ (ಎಫ್ ಎಂದರೆ ಫೈನ್, ವಿ ಎಂದರೆ ವೆರಿ, ಎಕ್ಸ್ ಎಂದರೆ ಎಕ್ಸ್‌ಟ್ರೀಮ್ಲಿ), ಹೀಗೆ ಇಳಿಯುತ್ತದೆ. ಪ್ರೂಫ್ ಎನ್ನುವುದು ಗ್ರೇಡ್ ಅಲ್ಲ, ಹೊಳಪು ಕೊಟ್ಟ ಅಚ್ಚುಗಳಿಂದ ವಿಶೇಷವಾಗಿ ತಯಾರಿಸುವ ವಿಧಾನ. ಏಣಿಯಲ್ಲಿ ಒಂದು ತಮಾಷೆಯೂ ಇದೆ: 58ರ ನಾಣ್ಯ ಎಷ್ಟೋ ಸಲ 60, 61ರದ್ದಕ್ಕಿಂತ ಸುಂದರ. ತುದಿಯಲ್ಲಿ ಎಳ್ಳಷ್ಟು ಸವೆತ ಬಿಟ್ಟರೆ ಮೈಯೆಲ್ಲ ನುಣುಪು. 60ರದ್ದು ಸವೆದಿಲ್ಲ, ಆದರೆ ಗಾಯಗಳಿಂದ ತುಂಬಿರುತ್ತದೆ. ಕಣ್ಣನ್ನು ನಂಬುವ ಸಂಗ್ರಾಹಕರು 58ನ್ನು ಹುಡುಕಿ ಕೊಳ್ಳುತ್ತಾರೆ. ಬ್ರಿಟಿಷ್ ಮಾರಾಟಗಾರರ ಅಳತೆ ಬೇರೆ, ಇದಕ್ಕಿಂತ ಬಿಗಿ. ಅವರ ಇಎಫ್ (ಎಕ್ಸ್‌ಎಫ್‌ಗೆ ಅಲ್ಲಿನ ಹೆಸರು) ಅಮೆರಿಕದ ಎಯು ಹತ್ತಿರ ಬರುತ್ತದೆ. ಹರಾಜಿನ ಪಟ್ಟಿ ಓದುವಾಗ ಯಾರ ಅಳತೆ ಎಂದು ಗಮನಿಸಿ.

ಗ್ರೇಡಿಂಗ್ ಒಂದು ಅಭಿಪ್ರಾಯ. ಕಳಿಸಿದವರು ಯಾರೆಂದು ತಿಳಿಯದ ಕನಿಷ್ಠ ಇಬ್ಬರು ಪರಿಣತರು ಬೇರೆ ಬೇರೆಯಾಗಿ ನೋಡುತ್ತಾರೆ, ಸಾಮಾನ್ಯ ನಾಣ್ಯಕ್ಕೆ ಕೆಲವೇ ಸೆಕೆಂಡು. ಅದೇ ನಾಣ್ಯ ಇನ್ನೊಮ್ಮೆ ಹೋದರೆ ಒಂದು ಅಂಕ ಮೇಲೋ ಕೆಳಗೋ ಬರಬಹುದು. ಈ ಸಾಧ್ಯತೆಯ ಮೇಲೆಯೇ ಸ್ಲ್ಯಾಬ್ ಒಡೆದು ಮತ್ತೆ ಮತ್ತೆ ಕಳಿಸುವ ವ್ಯಾಪಾರ ನಡೆಯುತ್ತದೆ. ಇದರಿಂದ ಒಂದೇ ನಾಣ್ಯ ಹಲವು ಸಲ ಎಣಿಕೆಗೆ ಸೇರಿ, ಕಂಪನಿಗಳ ‘ಈ ಗ್ರೇಡಿನಲ್ಲಿ ಇಷ್ಟು ನಾಣ್ಯ’ ಎಂಬ ಪಟ್ಟಿ ಉಬ್ಬುತ್ತದೆ. ಈಚಿನ ನಾಣ್ಯಗಳಲ್ಲಿ ಬೇರೆಯದೇ ತೊಂದರೆ. ಹೊಸದಾಗಿ ಅಚ್ಚಾದ ಸಂಗ್ರಹದ ನಾಣ್ಯಗಳು ರಾಶಿರಾಶಿಯಾಗಿ 69, 70 ಪಡೆಯುತ್ತವೆ. ಇವತ್ತು ವಿರಳ ಎನಿಸಿದ 70 ಮುಂದಿನ ವರ್ಷ ಹೇರಳವಾಗಬಹುದು. 69ಕ್ಕೂ 70ಕ್ಕೂ ನಡುವಿನ ವ್ಯತ್ಯಾಸವನ್ನು ಲೂಪ್ ಹಿಡಿದೂ ತೋರಿಸಲಾಗದ ನಾಣ್ಯಕ್ಕೆ ಹೆಚ್ಚಿನ ದುಡ್ಡು ಕೊಡುವುದು ನನಗಂತೂ ಒಪ್ಪಿಗೆಯಾಗದು.

ಶುಲ್ಕದ ಲೆಕ್ಕ

ಕಳಿಸುವ ಖರ್ಚು ಎಂದರೆ ಗ್ರೇಡಿಂಗ್ ಶುಲ್ಕ ಮಾತ್ರವಲ್ಲ. ಹಲವು ಕಡೆ ಸದಸ್ಯತ್ವ, ಪ್ರತಿ ಅರ್ಜಿಗೆ ನಿರ್ವಹಣಾ ಶುಲ್ಕ, ಹೋಗುವ ಬರುವ ಅಂಚೆ, ವಿಮೆ, ಗಡಿ ದಾಟಿದರೆ ಸುಂಕ, ಎಲ್ಲ ಸೇರುತ್ತವೆ. ಬೆಲೆ ಹೆಚ್ಚಾದಂತೆ ಶುಲ್ಕದ ದರ್ಜೆಯೂ ಏರುತ್ತದೆ. ಎಲ್ಲ ಕೂಡಿಸಿ ನಾಣ್ಯಗಳ ಸಂಖ್ಯೆಯಿಂದ ಭಾಗಿಸಿ.

ಒಂದು ಕಾಲ್ಪನಿಕ ಉದಾಹರಣೆ. ಸ್ಲ್ಯಾಬಿಲ್ಲದೆ 100ಕ್ಕೆ ಮಾರಬಹುದಾದ ನಾಣ್ಯ ನಿಮ್ಮಲ್ಲಿದೆ. ಕಳಿಸುವ ಒಟ್ಟು ಖರ್ಚು 40. ಚೆನ್ನಾಗಿ ನೋಡಿ ನೀವು ಹೀಗೆ ಅಂದಾಜಿಸುತ್ತೀರಿ: 65 ಬರುವ ಸಾಧ್ಯತೆ ನೂರಕ್ಕೆ 20, ಆಗ ಬೆಲೆ 250. 64ಕ್ಕೆ 40, ಬೆಲೆ 140. 63ಕ್ಕೆ 25, ಬೆಲೆ 100. ‘ತೊಳೆದಿದ್ದಾರೆ’ ಎಂದು ಅಂಕಿಯಿಲ್ಲದೆ ಬರುವ ಸಾಧ್ಯತೆ 15, ಆಗ 50. ಸಾಧ್ಯತೆಯಿಂದ ಗುಣಿಸಿ ಕೂಡಿಸಿದರೆ 50, 56, 25, 7.5, ಒಟ್ಟು 138.5. ಖರ್ಚು 40 ಕಳೆದರೆ 98.5. ಕಳಿಸದೆ ಮಾರಿದ್ದರೆ 100 ಬರುತ್ತಿತ್ತು. 250ರ ಕನಸು ಕಂಡು ಒಂದೂವರೆ ಕಳೆದುಕೊಂಡಂತಾಯಿತು. ಹತ್ತಾರು ನಾಣ್ಯ ಒಟ್ಟಿಗೆ ಕಳಿಸಿ ಒಂದರ ಖರ್ಚು 25ಕ್ಕೆ ಇಳಿದರೆ 113.5 ಆಗುತ್ತದೆ, ಲೆಕ್ಕ ಗೆಲ್ಲುತ್ತದೆ.

ಇಲ್ಲಿ ಎಡವುವುದು ಎರಡು ಕಡೆ. ಹೊಸಬರು ತಮ್ಮ ನಾಣ್ಯಕ್ಕೆ ಒಂದೆರಡು ಅಂಕ ಜಾಸ್ತಿಯೇ ಕೊಟ್ಟುಕೊಳ್ಳುತ್ತಾರೆ. ಅಂದಾಜಿಸಿದ ಗ್ರೇಡಿನಿಂದ ಒಂದು ಮೆಟ್ಟಿಲು ಇಳಿಸಿ ಇನ್ನೊಮ್ಮೆ ಲೆಕ್ಕ ಹಾಕಿ. ಬೆಲೆಯನ್ನು ಕ್ಯಾಟಲಾಗಿನಿಂದ ತೆಗೆಯಬೇಡಿ, ಅದೇ ಗ್ರೇಡಿನ ನಾಣ್ಯ ಈಚೆಗೆ ಹರಾಜಿನಲ್ಲಿ ನಿಜವಾಗಿ ಎಷ್ಟಕ್ಕೆ ಹೋಯಿತು ಎಂದು ನೋಡಿ. ಆ ಮೊತ್ತದಲ್ಲಿ ಕೊಳ್ಳುವವರು ಹರಾಜು ಸಂಸ್ಥೆಗೆ ತೆರುವ ಪಾಲೂ ಸೇರಿರುತ್ತದೆ, ಮಾರುವವರ ಕೈಗೆ ಅಷ್ಟೂ ಬರುವುದಿಲ್ಲ.

ಅಂಕಿಯಿಲ್ಲದೆ ಬರುವ ಸ್ಲ್ಯಾಬಿನ ಮೇಲೆ ‘ಡೀಟೇಲ್ಸ್’ ಎಂದಿರುತ್ತದೆ. ನಾಣ್ಯ ಅಸಲಿ, ಆದರೆ ತೊಳೆದಿದೆ, ಗೀರಿದೆ, ಕೊಂಡಿ ಕಿತ್ತಿದೆ, ಮೇಲ್ಮೈ ತಿದ್ದಿದೆ ಎಂದರ್ಥ. ಶುಲ್ಕ ವಾಪಸಾಗುವುದಿಲ್ಲ. ಅಪರೂಪದ ನಾಣ್ಯಕ್ಕಾದರೆ ಇದೂ ಉಪಯೋಗಕ್ಕೆ ಬರುತ್ತದೆ, ಅಸಲಿ ಎಂಬ ಮಾತಾದರೂ ಸಿಕ್ಕಿತು. ಸಾಮಾನ್ಯ ನಾಣ್ಯಕ್ಕಾದರೆ ದಂಡ.

ಹಾಗಾದರೆ ಯಾವಾಗ ಕಳಿಸಬೇಕು? ನಕಲಿಗೆ ಕುಖ್ಯಾತವಾದ, ಗುರುತು ಅಂಟಿಸುವ ಚಟುವಟಿಕೆ ಇರುವ ದುಬಾರಿ ನಾಣ್ಯ ನಿಮ್ಮಲ್ಲಿದ್ದರೆ ಖಂಡಿತ. ಒಂದು ಗ್ರೇಡಿಗೂ ಮುಂದಿನ ಗ್ರೇಡಿಗೂ ಬೆಲೆಯ ಅಂತರ ಖರ್ಚಿಗಿಂತ ಹಲವು ಪಟ್ಟು ಇದ್ದರೆ ಹೌದು. ದೂರದ, ಮುಖ ನೋಡದ ಖರೀದಿದಾರರಿಗೆ ಮಾರುವುದಿದ್ದರೆ, ನಾಣ್ಯದ ಗಂಧವಿಲ್ಲದ ವಾರಸುದಾರರಿಗೆ ಬಿಟ್ಟುಹೋಗುವುದಿದ್ದರೆ ಹೌದು. ಇಟ್ಟುಕೊಳ್ಳುವ ಸಾಮಾನ್ಯ ನಾಣ್ಯಕ್ಕೆ, ತೊಳೆದದ್ದು ಎಂದು ನಿಮಗೇ ಕಾಣುವ ನಾಣ್ಯಕ್ಕೆ, ಬೆಳ್ಳಿಯ ತೂಕಕ್ಕಷ್ಟೇ ಬೆಲೆಬಾಳುವ ನಾಣ್ಯಕ್ಕೆ ಬೇಡ. ಪುರಾತನ ನಾಣ್ಯಗಳಲ್ಲಿ ವಾದ ಇನ್ನೂ ಇದೆ. ಕೈಯಿಂದ ಒತ್ತಿದ ಆ ನಾಣ್ಯಗಳಿಗೆ ಎನ್‌ಜಿಸಿ ಅಚ್ಚಿಗೆ ಐದರಲ್ಲಿ ಇಷ್ಟು, ಮೇಲ್ಮೈಗೆ ಐದರಲ್ಲಿ ಇಷ್ಟು ಎಂದು ಪ್ರತ್ಯೇಕ ಅಂಕ ಕೊಡುತ್ತದೆ. ಆದರೂ ತೂಕ ನೋಡಲು, ಅಂಚು ಸವರಲು ಆಗದೆಂದು ಸ್ಲ್ಯಾಬ್ ಒಡೆಯುವ ಸಂಗ್ರಾಹಕರು ಬಹಳ.

ಕಳಿಸುವಾಗ, ಸ್ಲ್ಯಾಬ್ ಕೊಳ್ಳುವಾಗ

ಪ್ರತಿ ನಾಣ್ಯದ ಎರಡೂ ಮುಖದ ಸ್ಪಷ್ಟ ಫೋಟೊ ತೆಗೆದು, ತೂಕ ಬರೆದಿಟ್ಟುಕೊಳ್ಳಿ. ಸ್ಟೇಪಲ್ ರಟ್ಟಿನಿಂದ ತೆಗೆದು ಒಂದೊಂದನ್ನೂ ಮೈಲಾರ್ ಫ್ಲಿಪ್ಪಿಗೆ ಹಾಕಿ, ಅರ್ಜಿಯ ಸಾಲು ಸಂಖ್ಯೆ ಅದರ ಚೀಟಿಯಲ್ಲಿರಲಿ. ಫ್ಲಿಪ್‌ಗಳು ಅಲುಗಾಡದಂತೆ ಎರಡು ರಟ್ಟಿನ ನಡುವೆ ಬಿಗಿದು, ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಟ್ಟು ಪ್ಯಾಕ್ ಮಾಡಿ. ಅಲುಗಿಸಿದರೆ ಸದ್ದು ಬರಬಾರದು. ಹೊರಗಡೆ ‘ನಾಣ್ಯ’ ಎಂಬ ಸುಳಿವು ಬೇಡ. ಶುಲ್ಕ ಉಳಿಸಲು ಬೆಲೆ ಕಡಿಮೆ ತೋರಿಸಿದರೆ ಕಳೆದಾಗ ವಿಮೆಯೂ ಅಷ್ಟೇ. ದೇಶದಿಂದ ಹೊರಗೆ ಕಳಿಸುವುದಾದರೆ ಹಳೆಯ ನಾಣ್ಯಗಳ ರಫ್ತಿಗೆ ಕಾನೂನಿನ ತಡೆ ಇದೆಯೇ ಎಂದು ಮೊದಲೇ ವಿಚಾರಿಸಿ. ನೂರು ವರ್ಷ ದಾಟಿದ ನಾಣ್ಯವನ್ನು ಪುರಾವಸ್ತು ಎಂದೇ ಎಣಿಸುವ ದೇಶಗಳಿವೆ.

ಸ್ಲ್ಯಾಬ್ ಕೊಳ್ಳುವಾಗ ಚೀಟಿಯ ಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ನೋಡಿ. ಅಷ್ಟಕ್ಕೆ ಬಿಡಬೇಡಿ. ಸ್ಲ್ಯಾಬನ್ನೇ ನಕಲು ಮಾಡುವವರು ನಿಜವಾದ ನಾಣ್ಯದ ನಿಜವಾದ ಸಂಖ್ಯೆಯನ್ನೇ ಅಚ್ಚು ಹಾಕಿರುತ್ತಾರೆ. ಅಲ್ಲಿ ಫೋಟೊ ಇದ್ದರೆ ಗಾಯದ ಗುರುತು, ಬಣ್ಣದ ಕಲೆಗಳನ್ನು ಒಂದೊಂದಾಗಿ ಹೋಲಿಸಿ. ಹೆಸರೇ ಕೇಳದ ಕಂಪನಿಯ ಸ್ಲ್ಯಾಬ್ ಬಂದರೆ ಚೀಟಿ ಇಲ್ಲವೆಂದೇ ತಿಳಿದು ನಾಣ್ಯಕ್ಕೆ ಬೆಲೆ ಕಟ್ಟಿ. ಪ್ಲಾಸ್ಟಿಕ್ಕೂ ಮುದ್ರಣಯಂತ್ರವೂ ಇದ್ದವರು ಯಾರು ಬೇಕಾದರೂ 67 ಎಂದು ಬರೆಯಬಹುದು.

ಸಭೆಯಿಂದ ಬಂದ ಪ್ರಶ್ನೆಗಳು

*ಮನೆಯಲ್ಲಿ ಹಿರಿಯರು ಬಿಟ್ಟುಹೋದ ನಾಣ್ಯದ ಡಬ್ಬಿ ಇದೆ. ಎಲ್ಲಿಂದ ಶುರು ಮಾಡಲಿ?*

ತೊಳೆಯದೆ ಶುರು ಮಾಡಿ. ದೇಶ, ಮುಖಬೆಲೆ, ಇಸವಿ, ಟಂಕಸಾಲೆಯ ಗುರುತು, ತೂಕ, ಇಷ್ಟನ್ನು ಪಟ್ಟಿ ಮಾಡಿ. ಚಿನ್ನ, ಬೆಳ್ಳಿ ಬೇರೆ ಇಡಿ. ಪಟ್ಟಿ ಹಿಡಿದು ಹರಾಜಿನ ದಾಖಲೆ ನೋಡಿದರೆ ಬಹುಪಾಲು ಸಾಮಾನ್ಯವೆಂದು ತಿಳಿಯುತ್ತದೆ. ಉಳಿದ ಕೆಲವನ್ನಷ್ಟೇ ಬಲ್ಲವರಿಗೆ ತೋರಿಸಿ. ಡಬ್ಬಿಯಲ್ಲಿ ಚೀಟಿ, ಲಕೋಟೆ, ರಸೀದಿ ಇದ್ದರೆ ಎಸೆಯಬೇಡಿ, ನಾಣ್ಯ ಎಲ್ಲಿಂದ ಬಂತು ಎಂಬುದಕ್ಕೆ ಅದೇ ದಾಖಲೆ.

*ತಾಮ್ರದ ನಾಣ್ಯಗಳ ಸ್ಲ್ಯಾಬಿನ ಮೇಲೆ ಆರ್‌ಡಿ, ಆರ್‌ಬಿ, ಬಿಎನ್ ಎಂದಿರುತ್ತದಲ್ಲ?*

ಮೂಲ ಕೆಂಪು ಬಣ್ಣ ಎಷ್ಟು ಉಳಿದಿದೆ ಎಂಬ ಸೂಚನೆ: ಕೆಂಪು, ಕೆಂಪು ಬೆರೆತ ಕಂದು, ಕಂದು. ಒಂದೇ ಅಂಕಿಯ ಎರಡು ನಾಣ್ಯಗಳಿಗೆ ಈ ಎರಡಕ್ಷರದಿಂದಲೇ ಬೆಲೆ ಬಹಳ ಬೇರೆಯಾಗಬಹುದು. ಆದರೆ ತಾಮ್ರ ಸ್ಲ್ಯಾಬಿನೊಳಗೂ ಬಣ್ಣ ಬದಲಿಸುತ್ತದೆ. ಕಂಪನಿಯ ಗ್ಯಾರಂಟಿ ಅದಕ್ಕೆ ಅನ್ವಯಿಸುತ್ತದೆಯೇ ಎಂದು ನಿಯಮ ಓದಿ ಕೊಳ್ಳಿ.

*ಸ್ಲ್ಯಾಬಿನಲ್ಲಿದ್ದ ಮೇಲೆ ತೇವದ ಚಿಂತೆ ಇಲ್ಲ ತಾನೇ?*

ಇದೆ. ಸ್ಲ್ಯಾಬ್ ಗಾಳಿಯಾಡದ ಪೆಟ್ಟಿಗೆಯಲ್ಲ. ತೇವವೂ ಗಂಧಕದ ಅನಿಲವೂ ನಿಧಾನವಾಗಿ ಒಳಗೆ ಇಳಿಯುತ್ತವೆ. ಮುಚ್ಚಳ ಬಿಗಿಯಾಗಿ ಕೂರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ, ಒಳಗಿನ ತೇವಾಂಶ ನೂರಕ್ಕೆ 50ರ ಕೆಳಗಿರಲಿ. ಅಂಗೈಯಗಲದ ತೇವಮಾಪಕವೊಂದು ಒಳಗಿದ್ದರೆ ಅನುಮಾನವಿಲ್ಲ. ಬಣ್ಣ ಬದಲಿಸುವ ಜೆಲ್ ತೆಗೆದುಕೊಳ್ಳಿ. ಕಿತ್ತಳೆ ಬಣ್ಣದ್ದು ತೇವ ಹೀರಿ ಹಸಿರಾಗುತ್ತದೆ. ಹಸಿರಾದಾಗ ಹರಳುಗಳನ್ನು ತಟ್ಟೆಯಲ್ಲಿ ಹರಡಿ, ಸುಮಾರು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೆರಡು ಗಂಟೆ ಒಣಗಿಸಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ.